ಚಿತ್ರ ಬಂತು, ಗೋಡೆ ಬರಲಿಲ್ಲ: ಬೀದಿಯ ಭಿತ್ತಿಚಿತ್ರ ಮ್ಯೂಸಿಯಂ ಸೇರುವ ಬಗೆ

ಇಟಲಿಯ ಬೊಲೋನ್ಯ ಊರಿನಲ್ಲಿ ಪಲಾಟ್ಸೊ ಪೆಪೋಲಿ ಎಂಬ ಹಳೆಯ ಅರಮನೆಯಿದೆ. ಈಗ ಅದು ಆ ಊರಿನ ಚರಿತ್ರೆಯ ಮ್ಯೂಸಿಯಂ. 2016ರ ಮಾರ್ಚ್ 18ರಂದು ಅಲ್ಲಿ ಬೀದಿ ಕಲೆಯ ದೊಡ್ಡ ಪ್ರದರ್ಶನ ಶುರುವಾಗುವುದಿತ್ತು. ಇನ್ನೊಂದು ವಾರ ಇದೆ ಅನ್ನುವಾಗ, ಬ್ಲೂ ಎಂಬ ಅಂಕಿತದಿಂದಷ್ಟೇ ಗೊತ್ತಿರುವ ಕಲಾವಿದ ಹತ್ತಾರು ಜನರನ್ನು ಕಟ್ಟಿಕೊಂಡು ಬೂದು ಬಣ್ಣದ ಬಕೆಟ್ಟು, ರೋಲರ್, ಕೆರೆಯುವ ಹತ್ಯಾರು ಹಿಡಿದು ಬೀದಿಗಿಳಿದ. ಸುಮಾರು 20 ವರ್ಷಗಳಿಂದ ಆ ಊರಿನ ಗೋಡೆಗಳ ಮೇಲೆ ತಾನೇ ಬಿಡಿಸಿದ್ದನ್ನೆಲ್ಲ ಅಳಿಸಿಹಾಕಿದ. ಕಾರಣ ಸರಳ. ಪಾಳುಬಿದ್ದ ಕಾರ್ಖಾನೆಗಳ ಗೋಡೆಗಳಿಂದ ಅವನ ಚಿತ್ರಗಳನ್ನು ಅವನ ಒಪ್ಪಿಗೆಯಿಲ್ಲದೆ ಸುಲಿದು ತೆಗೆದು, ಪ್ರದರ್ಶನಕ್ಕೆ ತಂದಿದ್ದರು.

‘ಸುಲಿದು’ ಅನ್ನುವುದು ಇಲ್ಲಿ ಬೈಗುಳ ಅಲ್ಲ, ಕೆಲಸದ ಹೆಸರು. ಗೋಡೆಯ ಮೇಲಿನ ಬಣ್ಣವನ್ನು ಬಾಳೆಯ ಪಟ್ಟೆಯಂತೆ ಎಬ್ಬಿಸಿ ತೆಗೆಯುವ ಈ ವಿದ್ಯೆಗೆ ಇಟಲಿಯವರು ‘ಸ್ಟ್ರಾಪ್ಪೊ’ ಅನ್ನುತ್ತಾರೆ. ಅಂದರೆ ಕಿತ್ತೆಳೆಯುವುದು. 18ನೇ ಶತಮಾನದ ಆರಂಭದಲ್ಲಿ ಫೆರಾರಾದ ಆಂಟೋನಿಯೊ ಕೊಂತ್ರಿ ಇದನ್ನು ರೂಢಿಗೆ ತಂದ. 1966ರ ನವೆಂಬರ್ 4ರಂದು ಫ್ಲಾರೆನ್ಸ್‌ಗೆ ನೆರೆ ನುಗ್ಗಿ ಗೋಡೆಗಳೆಲ್ಲ ನೀರು ಕುಡಿದಾಗ ಹಳೆಯ ಫ್ರೆಸ್ಕೊಗಳನ್ನು, ಅಂದರೆ ಹಸಿ ಸುಣ್ಣದ ಗಾರೆಯ ಮೇಲೆ ಬರೆದ ಚಿತ್ರಗಳನ್ನು, ಉಳಿಸಿದ್ದೂ ಬಹುಮಟ್ಟಿಗೆ ಈ ವಿದ್ಯೆಯೇ. ಬೊಲೋನ್ಯದ ಕಲಾ ಗ್ಯಾಲರಿಯಲ್ಲಿ ಇಂದು ಕಾಣುವ ಮೆಜ್ಜರಾತ್ತಾ ಚರ್ಚಿನ ಮಧ್ಯಯುಗದ ಚಿತ್ರಗಳೂ ಗೋಡೆ ಬಿಟ್ಟು ಬಂದವೇ. ಹಾಗಾಗಿ ಅಲ್ಲಿನ ಸಂರಕ್ಷಕರ ಕಣ್ಣಿಗೆ ಬೀದಿಯ ಚಿತ್ರ ಸುಲಿಯುವುದು ಊರಿನ ಹಳೆಯ ಕಸುಬಿನ ಮುಂದುವರಿಕೆಯಾಗಿ ಕಂಡದ್ದರಲ್ಲಿ ಆಶ್ಚರ್ಯವಿಲ್ಲ. ಕಟ್ಟಡ ಬಿದ್ದುಹೋಗುತ್ತದೆ, ಚಿತ್ರವಾದರೂ ಉಳಿಯಲಿ ಅನ್ನುವುದು ಅವರ ವಾದ. ಆ ವಾದ ಎಲ್ಲಿ ನಿಲ್ಲುತ್ತದೆ, ಎಲ್ಲಿ ಎಡವುತ್ತದೆ ಎಂದು ನೋಡಬೇಕಾದರೆ ಮೊದಲು ಕೈಕೆಲಸ ನೋಡಬೇಕು.

ಹಬ್ಬಕ್ಕೆ ಸುಣ್ಣ ಬಳಿದ ಹಳೆಯ ಗೋಡೆಯನ್ನು ಒಮ್ಮೆ ನೆನೆಸಿಕೊಳ್ಳಿ. ವರ್ಷ ವರ್ಷ ಪದರದ ಮೇಲೆ ಪದರ ಕೂತು, ಒಂದು ದಿನ ಹಪ್ಪಳದಂತೆ ಎದ್ದು ಬರುತ್ತದೆ. ಬಿರಿಯುವುದು ಯಾವಾಗಲೂ ಬಲ ಕಡಿಮೆಯಿರುವ ಪದರದಲ್ಲಿ. ಸ್ಟ್ರಾಪ್ಪೊದ ಗುಟ್ಟು ಇಷ್ಟೇ: ಚಿತ್ರದ ಮುಖಕ್ಕೆ ಅಂಟು ಹಚ್ಚಿ ಬಟ್ಟೆ ಮೆತ್ತಬೇಕು. ಒಣಗುವಾಗ ಅಂಟು ಕುಗ್ಗುತ್ತದೆ. ಆ ಸೆಳೆತ ಗೋಡೆಯ ಹಿಡಿತಕ್ಕಿಂತ ಜಾಸ್ತಿಯಾದ ಕಡೆ ಬಣ್ಣ ಗೋಡೆ ಬಿಟ್ಟು ಬಟ್ಟೆಯ ಜೊತೆ ಬರುತ್ತದೆ.

ಕೆಲಸ ಶುರುವಾಗುವುದು ಬೆರಳಿನ ಗೆಣ್ಣಿನಿಂದ. ಇಡೀ ಗೋಡೆಯನ್ನು ಗೇಣು ಗೇಣಿಗೂ ತಟ್ಟಿ ಕೇಳಬೇಕು. ಟೊಳ್ಳು ಸದ್ದು ಬಂದ ಕಡೆ ಸೀಮೆಸುಣ್ಣದಲ್ಲಿ ಗುರುತು ಹಾಕಬೇಕು. ಟೊಳ್ಳಿದ್ದರೆ ಅಲ್ಲಿ ಬಣ್ಣದ ಜೊತೆ ಗಾರೆಯ ಹೆಂಟೆಯೂ ಎದ್ದು ಬರುತ್ತದೆ, ಬಟ್ಟೆ ಭಾರಕ್ಕೆ ಹರಿಯುತ್ತದೆ. ದೀಪವನ್ನು ಗೋಡೆಗೆ ಒರಗಿಸಿ ಓರೆಯಾಗಿ ಬೆಳಕು ಹಾಯಿಸಿ ಫೋಟೊ ತೆಗೆದರೆ ಪುಡಿಯೇಳುವ, ಸಿಪ್ಪೆಯೇಳುವ ಜಾಗಗಳೆಲ್ಲ ನೆರಳಾಗಿ ಕಾಣುತ್ತವೆ. ತೇವವಿರುವ ಗೋಡೆಯನ್ನು ಮುಟ್ಟಲೇಬಾರದು.

ಅಂಟು ಚರ್ಮ, ಎಲುಬು ಬೇಯಿಸಿ ತೆಗೆದದ್ದು. ಹಿಂದಿನ ರಾತ್ರಿ ತಣ್ಣೀರಲ್ಲಿ ನೆನೆಹಾಕಿ, ಮರುದಿನ ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕರಗಿಸಬೇಕು. ಕುದಿ ಬಂದರೆ ಕೆಟ್ಟಿತು. ಪ್ರೋಟೀನಿನ ಸರಪಣಿ ತುಂಡಾಗಿ ಅಂಟಿನ ಸೆಳೆತವೇ ಹೋಗುತ್ತದೆ. ಗಾರೆಸಮೇತ ತೆಗೆಯುವ ಕೆಲಸವಾದರೆ ಅಂಟಿಗೆ ಒಂದಿಷ್ಟು ಕಾಕಂಬಿ ಸೇರಿಸಿ ಬಾಗುವ ಗುಣ ಕೊಡುತ್ತಾರೆ. ಸ್ಟ್ರಾಪ್ಪೊಗೆ ಅದು ಬೇಡ, ಬೇಕಾದದ್ದೇ ಆ ಬಿಗಿತ. ಮೊದಲು ಒಗೆದು ಗಂಜಿ ತೆಗೆದ ಜಾಳು ಹತ್ತಿಬಟ್ಟೆ, ಕುಂಚದಿಂದ ಒತ್ತಿ, ಒಳಗೆ ಒಂದು ಗಾಳಿಗುಳ್ಳೆಯೂ ಉಳಿಯದಂತೆ. ಅದರ ಮೇಲೆ ದಪ್ಪ ಸೆಣಬಿನ ಬಟ್ಟೆ, ಅಂಚಿಗಿಂತ ಹೊರಗೆ ಚಾಚಿಕೊಂಡಿರುವಂತೆ. ಮೇಲಿನ ಅಂಚನ್ನು ಮರದ ಪಟ್ಟಿಗೆ ಮೊಳೆ ಹೊಡೆದು ಕಟ್ಟುತ್ತಾರೆ. ಇಲ್ಲವಾದರೆ ಅರ್ಧ ಬಿಟ್ಟ ಚಿತ್ರ ತನ್ನ ಭಾರಕ್ಕೇ ಕಳಚಿ ನೆಲಕ್ಕೆ ಬೀಳುತ್ತದೆ.

ಇನ್ನು ಕಾಯಬೇಕು. ಹವೆ ನೋಡಿಕೊಂಡು ಒಂದೆರಡು ದಿನ, ಕೆಲವೊಮ್ಮೆ ಜಾಸ್ತಿ. ತೇವದ ಹವೆಯಲ್ಲಿ ಅಂಟು ಒಣಗದೆ ಬೂಸಲು ಹಿಡಿಯುತ್ತದೆ. ಬಿಸಿಲು ನೇರ ಬಿದ್ದರೆ ಒಂದು ಕಡೆ ಬೇಗ ಒಣಗಿ, ಇನ್ನೊಂದು ಕಡೆ ಹಸಿ ಉಳಿದು, ನಡುವೆ ಸೀಳುತ್ತದೆ. ಸರಿಯಾಗಿ ಒಣಗಿದಾಗ ಬಟ್ಟೆ ತಮಟೆಯ ಚರ್ಮದಂತೆ ಬಿಗಿಯುತ್ತದೆ, ಅಂಚು ತಾನೇ ಎದ್ದು ಸುರುಳಿಯಾಗುತ್ತದೆ. ಆಗ ಸುತ್ತ ಚಾಕುವಿನಿಂದ ಗೀರಿ, ಕೆಳಗಿನ ಮೂಲೆಯಿಂದ ಮೇಲಕ್ಕೆ, ನಿಧಾನವಾಗಿ, ಒಂದೇ ಸಮನೆ ಎಳೆಯಬೇಕು. ಕೈ ನಿಂತ ಕಡೆಯೆಲ್ಲ ಅಡ್ಡಗೆರೆ ಮೂಡುತ್ತದೆ. ಬಂದದ್ದನ್ನು ದಪ್ಪ ಕೊಳವೆಗೆ ಸುತ್ತಿ ಒಯ್ಯುತ್ತಾರೆ. ಗೋಡೆಯ ಮೇಲೆ ಚಿತ್ರದ ಮಂಕಾದ ನೆರಳೊಂದು ಉಳಿದಿರುತ್ತದೆ, ಏಕೆಂದರೆ ಬಣ್ಣ ಎಂದೂ ಪೂರ್ತಿ ಬರುವುದಿಲ್ಲ.

ವರ್ಕ್‌ಶಾಪಿನಲ್ಲಿ ಬೆನ್ನು ಮೇಲೆ ಮಾಡಿ ಮಲಗಿಸಿ, ಅಂಟಿಕೊಂಡ ಸುಣ್ಣ ಕೆರೆದು ತೆಳುಮಾಡಿ, ಹಾಲಿನ ಕೇಸೀನ್ ಮತ್ತು ಅರಳಿದ ಸುಣ್ಣ ಕಲಸಿದ ಅಂಟಿನಿಂದಲೋ ಈಗಿನ ಅಕ್ರಿಲಿಕ್ ರಾಳದಿಂದಲೋ ಹೊಸ ಬಟ್ಟೆ ಮೆತ್ತುತ್ತಾರೆ. ಆಮೇಲೆ ಜೇನುಹುಟ್ಟಿನಂತೆ ಒಳಗೆ ಪೊಳ್ಳಿರುವ ಅಲ್ಯುಮಿನಿಯಂ ಹಲಗೆಗೆ ಕೂರಿಸುತ್ತಾರೆ. ಕೊನೆಗೆ ಬಿಸಿನೀರಿನ ಸ್ಪಂಜು ಒತ್ತಿ ಮುಖದ ಮೇಲಿನ ಬಟ್ಟೆಯನ್ನು ಬಿಡಿಸುತ್ತಾರೆ.

ತೊಂದರೆ ಶುರುವಾಗುವುದು ಈ ಬಿಸಿನೀರಿನಲ್ಲೇ. ಫ್ರೆಸ್ಕೊದಲ್ಲಿ ಬಣ್ಣ ಸುಣ್ಣದ ಹರಳಿನೊಳಗೆ ಸೇರಿ ಕಲ್ಲಾಗಿರುತ್ತದೆ, ನೀರಿಗೆ ಜಗ್ಗುವುದಿಲ್ಲ. ಬೀದಿಯ ಚಿತ್ರದ್ದು ಹಾಗಲ್ಲ. ಬ್ಲೂ ಥರದವರು ಉದ್ದನೆಯ ಕೋಲಿಗೆ ರೋಲರ್ ಕಟ್ಟಿ ಹಚ್ಚುವುದು ಮನೆಗೆ ಬಳಿಯುವಂಥ ಎಮಲ್ಷನ್. ಅದು ತೆಳ್ಳನೆಯ ಪ್ಲಾಸ್ಟಿಕ್ ಪೊರೆ. ಬಿಸಿನೀರು ತಾಗಿದರೆ ಉಬ್ಬುತ್ತದೆ, ಮೆತ್ತಗಾಗುತ್ತದೆ, ಜಾಳು ಬಟ್ಟೆಯ ನೇಯ್ಗೆಯ ಗುರುತನ್ನು ಮೈಮೇಲೆ ಒತ್ತಿಸಿಕೊಳ್ಳುತ್ತದೆ. ಸ್ಪ್ರೇ ಕ್ಯಾನಿನ ಬಣ್ಣದ ಮೇಲೆ ನೀರಿಗಿಂತ ದ್ರಾವಕಗಳದ್ದೇ ಭಯ. ಸಿಪ್ಪೆ ಕೂರಿಸಲು ರಾಳವನ್ನು ಅಸಿಟೋನಿನಲ್ಲಿ ಕರಗಿಸಿ ಹಚ್ಚಿದರೆ ಚಿತ್ರವೇ ಕುಂಚಕ್ಕೆ ಬರಬಹುದು. ಹಾಗಾಗಿ ಪ್ರತಿ ಬಣ್ಣಕ್ಕೂ ಮೂಲೆಯಲ್ಲೊಂದು ನಾಣ್ಯದಗಲ ಪರೀಕ್ಷೆ ಮಾಡದೆ ಮುಂದೆ ಹೋಗಬಾರದು.

ಗೋಡೆಯೂ ಒಂದೇ ಥರ ಇರುವುದಿಲ್ಲ. ಹಳೆಯ ಸುಣ್ಣದ ಪದರದ ಮೇಲೆ ಬರೆದಿದ್ದರೆ ಚಿತ್ರ ಸಲೀಸಾಗಿ ಬರುತ್ತದೆ. ಬರಿ ಇಟ್ಟಿಗೆಗೆ, ಒರಟು ಸಿಮೆಂಟಿಗೆ ನೇರ ಹಚ್ಚಿದ ಕಡೆ ಬಣ್ಣ ರಂಧ್ರಗಳೊಳಗೆ ಇಳಿದು ಬೇರುಬಿಟ್ಟಿರುತ್ತದೆ, ಅಲ್ಲಿ ತೇಪೆ ತೇಪೆಯಾಗಿ ಹರಿಯುತ್ತದೆ. ಒಂದೇ ಚಿತ್ರದಲ್ಲಿ ಎರಡೂ ಇದ್ದರೆ ಫಲ ಊಹಿಸಿಕೊಳ್ಳಿ.

ಈ ಸುಲಿಗೆಯಲ್ಲಿ ಬಾರದೇ ಉಳಿಯುವುದೂ ಒಂದಿದೆ. ಒಳ್ಳೆಯ ಬೀದಿ ಕಲಾವಿದ ಗೋಡೆಯ ಪೈಪನ್ನು ಸೊಂಡಿಲು ಮಾಡುತ್ತಾನೆ, ಕಿಟಕಿಯನ್ನು ಕಣ್ಣು ಮಾಡುತ್ತಾನೆ, ತೇವದ ಕಲೆಗೆ ಗಡ್ಡ ಅಂಟಿಸುತ್ತಾನೆ. ಸ್ಟ್ರಾಪ್ಪೊ ಎತ್ತಿಕೊಳ್ಳುವುದು ಮಿಲಿಮೀಟರಿಗಿಂತ ತೆಳ್ಳನೆಯ ಚರ್ಮವನ್ನು. ಮ್ಯೂಸಿಯಂನ ಬಿಳಿ ಗೋಡೆಗೆ ತೂಗಿದ ಮೇಲೆ ಅದು ಸಪಾಟಾದ ಕ್ಯಾನ್ವಾಸು. ಸೊಂಡಿಲು ಅಲ್ಲೇ ಉಳಿಯಿತು.

ಹಾಗಾದರೆ ಗೋಡೆಯನ್ನೇ ಕತ್ತರಿಸಿ ತರಬಾರದೇ? ತರಬಹುದು, ತಂದೂ ಇದ್ದಾರೆ. ಲೆಕ್ಕ ಮಾತ್ರ ಭಯಂಕರ. 23 ಸೆಂಟಿಮೀಟರ್ ದಪ್ಪದ ಇಟ್ಟಿಗೆ ಗೋಡೆ ಚದರ ಮೀಟರಿಗೆ ಸುಮಾರು 430 ಕಿಲೊ ತೂಗುತ್ತದೆ. 4 ಮೀಟರ್ ಅಗಲ, 3 ಮೀಟರ್ ಎತ್ತರದ ಚಿತ್ರವೆಂದರೆ 5 ಟನ್ ದಾಟಿತು, ಅದಕ್ಕೆ ಕಟ್ಟುವ ಉಕ್ಕಿನ ಚೌಕಟ್ಟು ಬೇರೆ. ಅಷ್ಟೂ ಭಾರ ಒಂದು ಚದರ ಮೀಟರಿಗಿಂತ ಕಡಿಮೆ ಜಾಗದ ಮೇಲೆ ಕೂರುತ್ತದೆ. ಹಳೆಯ ಬಂಗಲೆಯಲ್ಲಿರುವ ಜಿಲ್ಲಾ ಮ್ಯೂಸಿಯಂ ಒಂದರ ಮಹಡಿ ಇದನ್ನು ತಡೆಯುವ ಮಾತೇ ಇಲ್ಲ. ನೆಲಮಾಳಿಗೆಯಿಲ್ಲದ ನೆಲ ಅಂತಸ್ತೇ ಆಗಬೇಕು, ಕ್ರೇನು ಒಳಬರುವ ಬಾಗಿಲೂ ಬೇಕು. ಡೈಮಂಡ್ ಗರಗಸ ಓಡುವಾಗ ತಣ್ಣಗಿಡಲು ಹರಿಸುವ ನೀರು ಇಟ್ಟಿಗೆಯೊಳಗಿನ ಉಪ್ಪನ್ನು ಕರಗಿಸಿ, ತಿಂಗಳುಗಳ ನಂತರ ಬಣ್ಣದ ಮೇಲೆ ಬಿಳಿ ಹೂವಾಗಿ ಎಬ್ಬಿಸುವುದೂ ಉಂಟು. ನ್ಯೂಯಾರ್ಕಿನ ಯುವಕೇಂದ್ರವೊಂದರ ಮೆಟ್ಟಿಲಿನುದ್ದಕ್ಕೆ ಕೀತ್ ಹೇರಿಂಗ್ 1980ರ ದಶಕದಲ್ಲಿ ಬಿಡಿಸಿದ್ದ ಚಿತ್ರವನ್ನು ಹೀಗೆ ಕತ್ತರಿಸಿ ತೆಗೆಯಲು ಸುಮಾರು 9 ಲಕ್ಷ ಡಾಲರ್ ಖರ್ಚಾಯಿತು. 2019ರ ಹರಾಜಿನಲ್ಲಿ 38 ಲಕ್ಷ ಡಾಲರಿಗೂ ಮಿಕ್ಕಿ ಬಂತು. ಹರಾಜಿನ ಲೆಕ್ಕ ಇದ್ದಾಗ ಕ್ರೇನು ಸಿಗುತ್ತದೆ ಅನ್ನಿ.

ಇವೆರಡರ ನಡುವಿನ ದಾರಿ ಗಾರೆಯನ್ನಷ್ಟೇ ಸೇರಿಸಿ ತೆಗೆಯುವುದು. ನಮ್ಮ ದೆಹಲಿಯ ರಾಷ್ಟ್ರೀಯ ಮ್ಯೂಸಿಯಂನಲ್ಲಿರುವ ಮಧ್ಯ ಏಷ್ಯಾದ ಬೌದ್ಧ ಭಿತ್ತಿಚಿತ್ರಗಳು ಹಾಗೆ ಬಂದವು. ಪುರಾತತ್ವ ಶೋಧಕ ಆರೆಲ್ ಸ್ಟೈನ್ ಮಣ್ಣಿನ ಗಾರೆಸಮೇತ ಅವನ್ನು ಗುಹೆಗೋಡೆಗಳಿಂದ ಕತ್ತರಿಸಿ ತೆಗೆಸಿದ. ಒಪ್ಪಿಗೆ ಕೇಳುವ ಪ್ರಶ್ನೆ ಆಗಲೂ ಇತ್ತು, ಕೇಳಿದವರು ಕಡಿಮೆ.

ಬೀದಿ ಕಲಾವಿದರನ್ನೇ ಕರೆಸಿ ಮ್ಯೂಸಿಯಂ ಒಳಗೆ ಬರೆಸುವುದು ಇದೆಲ್ಲಕ್ಕಿಂತ ನೆಟ್ಟಗಿನ ದಾರಿ. ಕಡಿಮೆ ರಗಳೆಯದು ಅಂದುಕೊಂಡರೆ ಮಾತ್ರ ತಪ್ಪು. ಚರಿತ್ರೆ ಮ್ಯೂಸಿಯಂನಲ್ಲಿ ಪಕ್ಕದ ಕೋಣೆಯಲ್ಲೇ ಬೆಳ್ಳಿ ಆಭರಣ, ಸೀಸದ ಮುದ್ರೆ, ರೇಷ್ಮೆ ಅಂಗಿ, ತಾಳೆಗರಿ ಇರುತ್ತವೆ. ಸ್ಪ್ರೇ ಕ್ಯಾನಿನಿಂದ ಹೊರಡುವ ಬಣ್ಣದ ಒಂದು ಪಾಲು ಗೋಡೆ ಮುಟ್ಟುವುದೇ ಇಲ್ಲ. ಗಾಳಿಯಲ್ಲೇ ಒಣಗಿ ಧೂಳಾಗಿ ತೇಲಿ, ಏರ್ ಕಂಡಿಷನರ್ ಕೊಳವೆ ಹಿಡಿದು ಇಡೀ ಕಟ್ಟಡ ಸುತ್ತುತ್ತದೆ. ಗಾಳಿಯನ್ನು ಒಳಗೇ ತಿರುಗಿಸುವ ವ್ಯವಸ್ಥೆಯನ್ನು ಮೊದಲು ನಿಲ್ಲಿಸಬೇಕು, ಬಾಗಿಲಿಗೆ ಎರಡು ಪದರ ಪ್ಲಾಸ್ಟಿಕ್ ಹಾಳೆ, ಹೊರಕ್ಕೆ ಊದುವ ಫ್ಯಾನು. ಕ್ಯಾನಿನ ಅನಿಲ ಪ್ರೊಪೇನ್, ಬ್ಯುಟೇನ್. ಅಂದರೆ ನಮ್ಮ ಅಡುಗೆ ಗ್ಯಾಸಿನ ಸಂಬಂಧಿಕರು. ಕಿಡಿ ಹಾರುವ ಡ್ರಿಲ್ಲು, ಹ್ಯಾಲೊಜೆನ್ ದೀಪ ಅದೇ ಕೋಣೆಯಲ್ಲಿ ಕೂಡದು. ಹೊಗೆ ಪತ್ತೆ ಮಾಡುವ ಯಂತ್ರ ಬಣ್ಣದ ಮಂಜನ್ನೇ ಹೊಗೆಯೆಂದು ತಿಳಿದು ಕೂಗಿಕೊಳ್ಳುತ್ತದೆ. ಅದನ್ನು ಮುಚ್ಚುವುದಾದರೆ ಒಬ್ಬ ಮನುಷ್ಯ ಬೆಂಕಿ ಕಾಯಲು ಅಲ್ಲೇ ಕೂರಬೇಕು, ಸಂಜೆ ತೆರೆದದ್ದನ್ನು ಪುಸ್ತಕದಲ್ಲಿ ಬರೆಯಬೇಕು. ಕಲಾವಿದರಿಗೆ ಬಟ್ಟೆಯ ಮಾಸ್ಕ್ ಸಾಲದು, ದ್ರಾವಕದ ಆವಿ ಹೀರುವ ಇದ್ದಿಲಿನ ಕಾರ್ಟ್ರಿಜ್ ಇರುವುದೇ ಬೇಕು.

ಇಷ್ಟಾದ ಮೇಲೂ ವಾಸನೆ ಉಳಿಯುತ್ತದೆ. ವಾಸನೆ ಅಂದರೆ ಆವಿ, ಆವಿಯಲ್ಲಿ ಆಮ್ಲದ ಅಂಶವಿದ್ದರೆ ಸೀಸ ಬಿಳಿಚುತ್ತದೆ, ಗಂಧಕವಿದ್ದರೆ ಬೆಳ್ಳಿ ಕಪ್ಪಾಗುತ್ತದೆ. ಇದನ್ನು ಮುಂಚೆಯೇ ತಿಳಿಯಲು ಮ್ಯೂಸಿಯಂಗಳಲ್ಲಿ ‘ಆಡಿ’ (Oddy) ಎಂಬ ಹೆಸರಿನ ಪರೀಕ್ಷೆ ಮಾಡುತ್ತಾರೆ. ಬಳಸಲಿರುವ ಬಣ್ಣದ ಒಣಗಿದ ಚೂರನ್ನು ಬೆಳ್ಳಿ, ತಾಮ್ರ, ಸೀಸದ ಬಿಲ್ಲೆಗಳ ಜೊತೆ ತೇವವಿರುವ ಗಾಜಿನ ಕೊಳವೆಯಲ್ಲಿ ಮುಚ್ಚಿ 60 ಡಿಗ್ರಿಯಲ್ಲಿ 28 ದಿನ ಇಟ್ಟು, ಬಿಲ್ಲೆಗಳು ಎಷ್ಟು ಕೆಟ್ಟವೆಂದು ನೋಡುತ್ತಾರೆ. ಪ್ರದರ್ಶನಕ್ಕೆ ಹತ್ತು ದಿನ ಇರುವಾಗ ಬಣ್ಣದ ಪಟ್ಟಿ ಕಳಿಸುವ ಕಲಾವಿದರ ಜೊತೆ ಈ ಪರೀಕ್ಷೆ ಹೊಂದುವುದಿಲ್ಲ. ಆರು ವಾರ ಮುಂಚೆ ಪಟ್ಟಿ ಕೇಳಿ. ಆಗದಿದ್ದರೆ ನೀರಿನಾಧಾರದ ಬಣ್ಣಕ್ಕೆ ಒಪ್ಪಿಸಿ, ಚಿತ್ರ ಮುಗಿದ ಮೇಲೆ ಎರಡು ಮೂರು ವಾರ ಕೋಣೆಯನ್ನು ಗಾಳಿಗೆ ಬಿಡಿ.

ಗೋಡೆ ಸಿದ್ಧಪಡಿಸುವುದು ಸುಲಭದ ಭಾಗ. ಪಾರಂಪರಿಕ ಕಟ್ಟಡವಾದರೆ ಮೂಲ ಗೋಡೆ ಮುಟ್ಟದೆ, ಮುಂದೆ 60 ಸೆಂಟಿಮೀಟರಿಗೊಂದು ಕಂಬ ನಿಲ್ಲಿಸಿ ಜಿಪ್ಸಂ ಹಲಗೆಯ ಗೋಡೆ ಕಟ್ಟುತ್ತಾರೆ. ಎರಡು ಪದರ ಹಲಗೆ ಹಾಕಿ. ಒಂದೇ ಪದರವಾದರೆ ಕಲಾವಿದ ಒತ್ತಿದ ಕಡೆ ಜೋಡಣೆ ಬಿರಿಯುತ್ತದೆ. 10 ಮೀಟರ್ ಉದ್ದ, 4 ಮೀಟರ್ ಎತ್ತರದ ಗೋಡೆಗೆ ಎರಡು ಕೋಟು ಎಮಲ್ಷನ್‌ಗೆ 8 ಲೀಟರ್ ಹಿಡಿಯುತ್ತದೆ. 400 ಮಿಲಿಲೀಟರಿನ ಸ್ಪ್ರೇ ಕ್ಯಾನು ಎರಡು ಚದರ ಮೀಟರ್ ತುಂಬಿದರೆ ಹೆಚ್ಚು, ಹಾಗಾಗಿ ಪೂರ್ತಿ ಸ್ಪ್ರೇಯಲ್ಲೇ ಬರೆಯುವವರಿಗೆ 20 ಕ್ಯಾನು ತರಿಸಿ ಕೈತೊಳೆದುಕೊಳ್ಳುವುದು ತಪ್ಪು. ಪದರಗಳು, ತಿದ್ದುಪಡಿ, ಬಣ್ಣಗಳ ವೈವಿಧ್ಯ ಸೇರಿ ಮೂರು ಪಟ್ಟು ಬೇಕಾಗುತ್ತದೆ. ಬೀದಿಯಲ್ಲಿ ಕಲಾವಿದ ರಸ್ತೆಯ ಆಚೆ ಬದಿಗೆ ಹೋಗಿ ನಿಂತು ಅಳತೆ ನೋಡುತ್ತಾನೆ. ಮ್ಯೂಸಿಯಂ ಕೋಣೆಯಲ್ಲಿ ಹಿಂದೆ ಸರಿಯಲು ಐದು ಹೆಜ್ಜೆಯೂ ಇರುವುದಿಲ್ಲ. ಮುಖದ ಪ್ರಮಾಣ ಕೆಡುವುದು ಅಲ್ಲಿಯೇ. ಚೌಕಳಿ ಹಾಕಿಕೊಂಡೋ ಪ್ರೊಜೆಕ್ಟರ್ ಇಟ್ಟೋ ರೇಖೆ ಮೂಡಿಸಿಕೊಳ್ಳಲು ಒಂದು ರಾತ್ರಿ ಕೊಟ್ಟರೆ ಎರಡು ದಿನ ಉಳಿಯುತ್ತದೆ. ಫಿಲಡೆಲ್ಫಿಯಾದ ಭಿತ್ತಿಚಿತ್ರಕಾರರು ಇದಕ್ಕೆ ಬೇರೆಯೇ ಉಪಾಯ ಮಾಡಿದ್ದಾರೆ: ಪ್ಯಾರಾಚೂಟ್ ಬಟ್ಟೆಯೆಂದು ಕರೆಯುವ, ನೇಯದ ತೆಳು ಬಟ್ಟೆಯ ಐದಡಿ ಚೌಕಗಳ ಮೇಲೆ ಕೂತಲ್ಲೇ ಬರೆದು, ಅಕ್ರಿಲಿಕ್ ಜೆಲ್ಲಿನಿಂದ ಗೋಡೆಗೆ ಅಂಟಿಸುತ್ತಾರೆ. ಆ ಚೌಕಗಳನ್ನು ಶಾಲೆಯಲ್ಲೂ ಜೈಲಿನಲ್ಲೂ ಕೂತು ಬರೆಯಬಹುದು.

ಕೊನೆಯಲ್ಲಿ ವಾರ್ನಿಷ್ ಬಳಿಯೋಣ, ಶಾಶ್ವತವಾಗಲಿ ಅನ್ನುವವರು ಅಜಂತಾ ನೆನೆಯಬೇಕು. 1920ರಿಂದ 22ರವರೆಗೆ ಹೈದರಾಬಾದ್ ನಿಜಾಮರ ಸರ್ಕಾರ ಕರೆಸಿದ್ದ ಇಟಲಿಯ ತಜ್ಞರು ಅಲ್ಲಿನ ಚಿತ್ರಗಳಿಗೆ ಅರಗಿನ ಲೇಪ ಕೊಟ್ಟರು. ಬಣ್ಣವೇನೋ ಉದುರುವುದು ನಿಂತಿತು. ಅರಗು ಹಳದಿಯಾಗಿ ಕಪ್ಪಾಗುತ್ತ ಹೋಯಿತು, ಅದನ್ನು ತೆಗೆಯುವ ಕೆಲಸ ಮುಂದಿನ ತಲೆಮಾರುಗಳ ಪಾಲಿಗೆ ಬಂತು.

ಕೈಕೆಲಸವೆಲ್ಲ ಸರಿಯಿದ್ದೂ ಸಂಬಂಧ ಕೆಡಬಹುದು ಅನ್ನುವುದಕ್ಕೆ ಮತ್ತೆ ಬ್ಲೂನ ಕತೆಗೇ ಬರಬೇಕು. 2010ರ ಡಿಸೆಂಬರಿನಲ್ಲಿ ಲಾಸ್ ಏಂಜಲೀಸ್‌ನ ಸಮಕಾಲೀನ ಕಲೆಯ ಮ್ಯೂಸಿಯಂ ತಾನೇ ಕರೆಸಿ ಅವನಿಂದ ತನ್ನ ಹೊರಗೋಡೆಗೆ ಚಿತ್ರ ಬರೆಸಿತು. ಅವನು ಬರೆದದ್ದು ಡಾಲರ್ ನೋಟು ಹೊದಿಸಿದ ಶವಪೆಟ್ಟಿಗೆಗಳ ಸಾಲು. ಎದುರಿಗೆ ಮಾಜಿ ಸೈನಿಕರ ಆಸ್ಪತ್ರೆ, ಪಕ್ಕದಲ್ಲಿ ಜಪಾನಿ ಮೂಲದ ಅಮೆರಿಕನ್ ಯೋಧರ ಸ್ಮಾರಕ. ಮ್ಯೂಸಿಯಂ ಕೂಡಲೇ ಸುಣ್ಣ ಬಳಿಸಿತು. ಮೊದಲೇ ರೇಖಾಚಿತ್ರ ನೋಡಿ ಮಾತಾಡಿಕೊಂಡಿದ್ದರೆ ತಪ್ಪುತ್ತಿದ್ದ ಪ್ರಮಾದ. 2014ರ ಡಿಸೆಂಬರಿನಲ್ಲಿ ಬರ್ಲಿನ್ನಿನ ಕ್ರಾಯ್ತ್ಸ್‌ಬೆರ್ಗ್‌ನಲ್ಲಿದ್ದ ಅವನ ಎರಡು ದೊಡ್ಡ ಚಿತ್ರಗಳಿಗೆ ಅವನದೇ ಒಪ್ಪಿಗೆಯಿಂದ ಕಪ್ಪು ಬಣ್ಣ ಬಿತ್ತು. ಆ ನಿವೇಶನದಲ್ಲಿ ಏಳಲಿದ್ದ ಕಟ್ಟಡಕ್ಕೆ ಚಿತ್ರ ಶೋಭೆಯಾಗುವುದು ಬೇಡವೆಂದು. ಬೊಲೋನ್ಯದ ಬೂದು ಬಣ್ಣ ಬಂದದ್ದು ಇವೆರಡರ ನಂತರ. ಅವನ ನಡೆ ಗೊತ್ತಿದ್ದವರಿಗೆ ಅದು ಅನಿರೀಕ್ಷಿತವೇನಲ್ಲ.

ಅದೇ ಬೊಲೋನ್ಯ ಪ್ರದರ್ಶನದಲ್ಲಿ ಯಾರೂ ತಕರಾರು ಮಾಡದ ಒಂದು ಭಾಗವಿತ್ತು: ನ್ಯೂಯಾರ್ಕ್ ನಗರ ಮ್ಯೂಸಿಯಂನಿಂದ ಬಂದ ಮಾರ್ಟಿನ್ ವಾಂಗ್ ಸಂಗ್ರಹ. ವಾಂಗ್ ಸ್ವತಃ ಚಿತ್ರಕಾರ. ರೈಲುಗಳ ಮೇಲೆ ಬರೆಯುತ್ತಿದ್ದ ಹುಡುಗರ ಸ್ನೇಹ ಬೆಳೆಸಿ, ಅವರ ಕ್ಯಾನ್ವಾಸುಗಳನ್ನೂ ಕರಡು ಪುಸ್ತಕಗಳನ್ನೂ ಕೊಂಡು ಕೂಡಿಟ್ಟು, 1994ರಲ್ಲಿ ಆ ಊರಿನ ಚರಿತ್ರೆಯ ಮ್ಯೂಸಿಯಂಗೆ ದಾನ ಕೊಟ್ಟ. ಆ ಹುಡುಗರು ‘ಬ್ಲ್ಯಾಕ್‌ಬುಕ್’ ಅನ್ನುವ ಕಪ್ಪು ರಟ್ಟಿನ ಪುಸ್ತಕದಲ್ಲಿ ಮಾರ್ಕರಿನಿಂದ ಅಕ್ಷರ ತಿದ್ದಿ, ಗೆಳೆಯರ ಅಂಕಿತ ಪಡೆದು, ರಾತ್ರಿ ಬರೆಯಲಿರುವುದರ ನಕ್ಷೆ ಹಾಕುತ್ತಿದ್ದರು. ರೈಲಿನ ಚಿತ್ರಗಳನ್ನು ರೈಲ್ವೆಯವರು ತೊಳೆದುಹಾಕಿದರು; ಪುಸ್ತಕ ಉಳಿಯಿತು. ಚರಿತ್ರೆ ಮ್ಯೂಸಿಯಂಗೆ ಸುಲಿದ ಚರ್ಮಕ್ಕಿಂತ ಈ ಪುಸ್ತಕವೇ ದೊಡ್ಡ ಆಸ್ತಿ ಎಂದು ನನ್ನ ಲೆಕ್ಕ. ಬೆಂಗಳೂರಿನ ಮಟ್ಟಿಗೂ ಇದು ನಿಜ. 2009ರಲ್ಲಿ ಬಿಬಿಎಂಪಿ, ಸಿನಿಮಾ ಬೋರ್ಡು ಬರೆಯುತ್ತಿದ್ದ ಕಲಾವಿದರಿಂದ ರಸ್ತೆಬದಿಯ ಗೋಡೆಗಳಿಗೆ ಹಂಪಿಯ ಕಲ್ಲಿನ ರಥ, ಮೈಸೂರು ಅರಮನೆ ಬರೆಸಿತು. ಫ್ಲೆಕ್ಸ್ ಬಂದು ಕಸುಬು ಕಳೆದುಕೊಂಡಿದ್ದ ಕೈಗಳವು. ಮುಂದೊಂದು ದಿನ ಇದನ್ನು ಮ್ಯೂಸಿಯಂಗೆ ತರುವವರಿದ್ದರೆ ಕಾಂಪೌಂಡಿನ ತುಂಡಿಗಿಂತ ಮೊದಲು ಹುಡುಕಬೇಕಾದದ್ದು ಆ ಕಲಾವಿದರ ಚೌಕಳಿ ಹಾಕಿದ ಮಾದರಿ ಚಿತ್ರ, ಚದರಡಿ ಲೆಕ್ಕದ ಬಿಲ್ಲು, ಬಣ್ಣ ಕಲಸಿದ ಡಬ್ಬ.

ಕಾನೂನಿನ ಮಾತು. ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಯ 57ನೇ ಕಲಂ ಪ್ರಕಾರ ಕೃತಿ ಮಾರಿದ ಮೇಲೂ ಅದನ್ನು ವಿರೂಪಗೊಳಿಸದಂತೆ ತಡೆಯುವ ಹಕ್ಕು ಕಲಾವಿದರಿಗೆ ಉಳಿಯುತ್ತದೆ. ಶಿಲ್ಪಿ ಅಮರನಾಥ ಸೆಹಗಲ್ ವಿಜ್ಞಾನ ಭವನಕ್ಕೆ ಮಾಡಿಕೊಟ್ಟಿದ್ದ ಕಂಚಿನ ಭಿತ್ತಿಶಿಲ್ಪವನ್ನು ಸರ್ಕಾರ 1979ರಲ್ಲಿ ಕಳಚಿ ಉಗ್ರಾಣಕ್ಕೆ ಹಾಕಿತು, ಅದು ಹಾಳಾಯಿತು. 2005ರಲ್ಲಿ ದೆಹಲಿ ಹೈಕೋರ್ಟು ಉಳಿದದ್ದನ್ನು ಅವರಿಗೇ ಮರಳಿಸಲು, 5 ಲಕ್ಷ ರೂಪಾಯಿ ಪರಿಹಾರ ಕೊಡಲು ಹೇಳಿತು. ಅದೇ ಕಲಂನ ವಿವರಣೆಯಲ್ಲಿ ಇನ್ನೊಂದು ಮಾತೂ ಇದೆ: ಪ್ರದರ್ಶಿಸದಿರುವುದು ಅಥವಾ ಕರ್ತೃ ಬಯಸಿದಂತೆ ಪ್ರದರ್ಶಿಸದಿರುವುದು ಉಲ್ಲಂಘನೆಯಲ್ಲ. ಅಮೆರಿಕದಲ್ಲಿ ದೃಶ್ಯ ಕಲಾವಿದರ ಹಕ್ಕುಗಳ 1990ರ ಕಾಯಿದೆಯ ಬಲದಿಂದ, ಮುನ್ಸೂಚನೆ ಕೊಡದೆ ನ್ಯೂಯಾರ್ಕಿನ ‘ಫೈವ್ ಪಾಯಿಂಟ್ಸ್’ ಕಟ್ಟಡದ ಬೀದಿ ಚಿತ್ರಗಳಿಗೆ ಸುಣ್ಣ ಬಳಿಸಿದ ಮಾಲೀಕನಿಗೆ 2018ರಲ್ಲಿ ಬಿದ್ದ ಪರಿಹಾರದ ಹೊರೆ 67.5 ಲಕ್ಷ ಡಾಲರ್, 45 ಕೃತಿಗಳಿಗೆ ತಲಾ ಒಂದೂವರೆ ಲಕ್ಷ.

ಹಾಗಾಗಿ ಮ್ಯೂಸಿಯಂನವರು ಮಾಡಿಕೊಳ್ಳುವ ಕರಾರಿನಲ್ಲಿ ಬಣ್ಣದ ಖರ್ಚು ಯಾರದು, ಫೋಟೊ ಹಕ್ಕು ಯಾರದು, ಕರಡು ರೇಖಾಚಿತ್ರ ಯಾರ ಬಳಿ ಉಳಿಯುತ್ತದೆ ಅನ್ನುವುದರ ಜೊತೆಗೆ ಇನ್ನೊಂದು ಸಾಲು ಇರಲೇಬೇಕು: ಪ್ರದರ್ಶನ ಮುಗಿದ ಮೇಲೆ ಈ ಗೋಡೆಗೆ ಸುಣ್ಣ ಬಳಿಯುವ ದಿನ ಯಾವುದು, ಆ ದಿನ ರೋಲರ್ ಹಿಡಿಯುವವರು ಯಾರು.